ಮಂಡೆಬೆಚ್ಚಕ್ಕೊಂದು ಆ್ಯಪ್: ಕಾಸರಗೋಡಿನಲ್ಲಿ ಕೂತು ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ಮನಸ್ಸಿನ ಆರೋಗ್ಯಕ್ಕೆಂದು ಮಾಡಿದ ನಮ್ಮ ಆ್ಯಪಿನ ಮೊದಲ ಆವೃತ್ತಿಯನ್ನು ತೋರಿಸಿದ್ದು ಪೆರ್ಲದ ಕಡೆ ಬೀಡಿ ಕಟ್ಟುವ ಒಬ್ಬ ಅಕ್ಕನಿಗೆ. ಮೊದಲ ಪ್ರಶ್ನೆ ಹೀಗಿತ್ತು: 'ನೀವು ಖಿನ್ನತೆಯಿಂದ ಬಳಲುತ್ತಿದ್ದೀರಾ?' ಅವರು ಎರಡು ಸಲ ಓದಿದರು. 'ಅದೆಲ್ಲ ಎಂತದೂ ಇಲ್ಲಪ್ಪ' ಎನ್ನುತ್ತಾ 'ಇಲ್ಲ' ಒತ್ತಿದರು. ಹಸಿರು ಟಿಕ್ ಬಂತು. 'ಅಭಿನಂದನೆಗಳು, ನೀವು ಆರೋಗ್ಯವಾಗಿದ್ದೀರಿ!' ಫೋನ್ ವಾಪಸ್ ಕೊಡುತ್ತಾ ಅಕ್ಕ ಹೇಳಿದರು: 'ಸ್ವಲ್ಪ ಮಂಡೆಬೆಚ್ಚ ಉಂಟು, ಅಷ್ಟೆ. ಮೂರು ತಿಂಗಳಾಯ್ತು, ರಾತ್ರಿ ಎರಡು ಗಂಟೆಗೆ ಎಚ್ಚರಾದರೆ ಮತ್ತೆ ನಿದ್ದೆ ಇಲ್ಲ. ಊಟ ಸೇರುವುದಿಲ್ಲ. ಮೊದಲು ಕಟ್ಟುತ್ತಿದ್ದಷ್ಟು ಬೀಡಿ ಈಗ ಕೈಯಲ್ಲಿ ಆಗುವುದಿಲ್ಲ.'

ಮಂಡೆಬೆಚ್ಚ ಎಂದರೆ ನಮ್ಮ ಕಡೆಯ ಮಾತಿನಲ್ಲಿ ತಲೆಬಿಸಿ, ಚಿಂತೆ. ಮೂರು ವಾರ ನಿದ್ದೆಗೆಟ್ಟು ಬರೆದ ಕೋಡ್ ಅದು. ನಿದ್ದೆ ಬಾರದ ಒಬ್ಬರನ್ನು ಗುರುತಿಸಲು ಅದಕ್ಕೆ ಆಗಲಿಲ್ಲ. ಎಲ್ಲ ಬದಿಗಿಟ್ಟು ಮೊದಲಿಂದ ಶುರು ಮಾಡಿದೆವು. ಈ ಬರಹ ಆ ಎರಡನೇ ಸಲದ ಅನುಭವ. ಕೋಡ್ ಗೊತ್ತಿರುವವರು, ಶಾಲೆಯ ಕೌನ್ಸೆಲರ್, ಆಶಾ ಕಾರ್ಯಕರ್ತೆ, ಊರ ಗ್ರಂಥಾಲಯದ ಹುಡುಗರು, ಯಾರು ಬೇಕಾದರೂ ಇದನ್ನು ಹಿಡಿದು ಕೆಲಸ ಶುರು ಮಾಡಬಹುದು. ಕೋಡಿನ ಭಾಗ ಬಂದಾಗ ಕೋಡ್ ಗೊತ್ತಿಲ್ಲದವರು ಆ ಸಾಲು ಹಾರಿಸಿ ಓದಿ, ಏನೂ ನಷ್ಟ ಇಲ್ಲ.

ತೋಡಿಗೆ ಅಡ್ಡ ಹಾಕಿದ ಅಡಿಕೆ ಮರದ ಕಾಲುಸಂಕ ನೋಡಿದ್ದೀರಲ್ವಾ? ಅದರ ಮೇಲೆ ಯಾರೂ ಮನೆ ಕಟ್ಟುವುದಿಲ್ಲ. ದಾಟಿಸಿದರೆ ಅದರ ಕೆಲಸ ಮುಗಿಯಿತು. ಆ್ಯಪ್ ಕೂಡ ಅಷ್ಟೆ. ಆಚೆ ದಡದಲ್ಲಿ ನಮ್ಮ ಭಾಷೆ ಬರುವ ಒಬ್ಬ ಮನುಷ್ಯ ನಿಂತಿರಬೇಕು. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ತೊಂದರೆ ಇದ್ದೂ ಚಿಕಿತ್ಸೆ ಸಿಗದವರು ಶೇ. 70ರಿಂದ 92. ಯಾವ ತೊಂದರೆ ಎನ್ನುವುದರ ಮೇಲೆ ಈ ಅಂಕಿ ಆಚೀಚೆ ಆಗುತ್ತದೆ. ಅಷ್ಟು ಜನ ಈಚೆ ದಡದಲ್ಲೇ ಇದ್ದಾರೆ. ಹಾಗಾಗಿ ನಮ್ಮ ಕೆಲಸ ಆಚೆ ದಡದಿಂದ ಶುರುವಾಗುತ್ತದೆ.

ಹಂತ 1: ಫೋನ್ ಎತ್ತುವವರು ಯಾರು ಎಂದು ಮೊದಲು ಪತ್ತೆ ಮಾಡಿ

ಲ್ಯಾಪ್‌ಟಾಪ್ ಮುಚ್ಚಿಡಿ. ಒಂದು ನೋಟ್‌ಪುಸ್ತಕ ತೆಗೆದುಕೊಳ್ಳಿ. ಇದು ಇಡೀ ಕೆಲಸದ ಅತಿ ಬೇಸರದ ಭಾಗ. ನನ್ನ ಪ್ರಕಾರ ಅತಿ ಮುಖ್ಯ ಭಾಗವೂ ಇದೇ.

ಮೊದಲು ಎಲ್ಲರಿಗೂ ಗೊತ್ತಿರಬೇಕಾದ ನಂಬರುಗಳು. 14416 ಎಂದರೆ ಟೆಲಿ ಮಾನಸ್, ಮನಸ್ಸಿನ ತೊಂದರೆಗೆ ಫೋನಿನಲ್ಲೇ ಸಹಾಯ ಮಾಡುವ ಸೇವೆ. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಶುರು ಮಾಡಿದ್ದು, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ. ಕನ್ನಡವೂ ಮಲಯಾಳವೂ ಸೇರಿ 20 ಭಾಷೆಗಳ ಸೇವೆ. ಕೇರಳ ಸರ್ಕಾರದ ದಿಶಾ ಸಹಾಯವಾಣಿ 1056. ಅದಕ್ಕೇ ಇನ್ನೊಂದು ನಂಬರ್ 0471-2552056. ಜೀವಕ್ಕೇ ಅಪಾಯ ಇದ್ದರೆ 112, ಆಂಬ್ಯುಲೆನ್ಸಿಗೆ 108.

ಪಟ್ಟಿ ಬರೆಯಲು ಹತ್ತು ನಿಮಿಷ ಸಾಕು. ಆಮೇಲೆ ಪ್ರತಿಯೊಂದಕ್ಕೂ ನೀವೇ ಕರೆ ಮಾಡಿ. ಕೇರಳದ ಸಿಮ್ಮಿನಿಂದ ಒಮ್ಮೆ, ಕರ್ನಾಟಕದ ಸಿಮ್ಮಿನಿಂದ ಒಮ್ಮೆ. ಮಂಜೇಶ್ವರ, ಉಪ್ಪಳದ ಕಡೆ ಮಂಗಳೂರಿನಲ್ಲಿ ತೆಗೆದ ಸಿಮ್ ಇಟ್ಟುಕೊಂಡವರು ಎಷ್ಟು ಜನ ಇಲ್ಲ! ಚಿಕ್ಕ ನಂಬರ್ ಎರಡರಲ್ಲೂ ಹೋಗುತ್ತದಾ? ಯಾವ ರಾಜ್ಯದ ಕೇಂದ್ರಕ್ಕೆ ಹೋಗುತ್ತದೆ? ಕನ್ನಡ ಬೇಕೆಂದರೆ ಕನ್ನಡದವರು ಸಿಗುತ್ತಾರಾ, ಎಷ್ಟು ಹೊತ್ತು ಕಾಯಬೇಕು? ಹಗಲು ಒಮ್ಮೆ, ರಾತ್ರಿ ಒಮ್ಮೆ ನೋಡಿ. ಹಾಗೆಂದು ಅವರ ಲೈನ್ ಕಟ್ಟಿಹಾಕಬೇಡಿ. 'ಆ್ಯಪಿಗೋಸ್ಕರ ವಿಚಾರಿಸುತ್ತಿದ್ದೇವೆ' ಎಂದು ಮೊದಲೇ ಹೇಳಿ, ಒಂದು ನಿಮಿಷದಲ್ಲಿ ಇಟ್ಟುಬಿಡಿ. ಆ ಹೊತ್ತಿಗೆ ನಿಜವಾಗಿ ಬೇಕಾದವರು ಇನ್ಯಾರೋ ಕಾಯುತ್ತಿರಬಹುದು.

ನಾವು ಹೀಗೆ ಕರೆ ಮಾಡಿದಾಗ ಒಂದು ಖಾಸಗಿ ಕೌನ್ಸೆಲಿಂಗ್ ಕೇಂದ್ರದ ನಂಬರ್ ಸ್ವಿಚ್ ಆಫ್. ಇನ್ನೊಂದು ಕಡೆ ತುಂಬ ಪ್ರೀತಿಯಿಂದ ಮಾತಾಡಿದರು, ಆದರೆ ಮಲಯಾಳ ಮಾತ್ರ. ಎರಡೂ ನಮ್ಮ ಮೊದಲ ಆವೃತ್ತಿಯಲ್ಲಿ 'ಕನ್ನಡ ಸೇವೆ' ಎಂದು ಇದ್ದವು. ಇಂಟರ್‌ನೆಟ್ಟಿನಿಂದ ಎತ್ತಿ ಅಂಟಿಸಿದ್ದು ನಾವೇ. ತಪ್ಪು ನಮ್ಮದೇ.

ಆಮೇಲೆ ಆಸ್ಪತ್ರೆಗಳು. ಇಲ್ಲಿ ಗಡಿಯ ಕಥೆ ಶುರು. ನಮ್ಮವರಿಗೆ ಯಾವಾಗಲೂ ಎರಡು ದಾರಿ. ದಕ್ಷಿಣಕ್ಕೆ ಹೋದರೆ ಕಾಸರಗೋಡಿನ ಜನರಲ್ ಆಸ್ಪತ್ರೆ, ಕಾಞಂಗಾಡಿನ ಜಿಲ್ಲಾ ಆಸ್ಪತ್ರೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಊರಿನ ಆರೋಗ್ಯ ಕೇಂದ್ರಗಳಿಗೆ ಬಂದು ಕ್ಲಿನಿಕ್ ನಡೆಸುವ ದಿನಗಳೂ ಇರುತ್ತವೆ. ಉತ್ತರಕ್ಕೆ ಹೋದರೆ ಮಂಗಳೂರು. ಅಲ್ಲಿ ಕನ್ನಡ, ತುಳು ಮಾತಾಡುವ ಡಾಕ್ಟರು ಸುಲಭವಾಗಿ ಸಿಗುತ್ತಾರೆ. ಆದರೆ ಫೀಸು, ಬಸ್ಸು, ಒಂದು ದಿನದ ಕೂಲಿ, ಎಲ್ಲ ಲೆಕ್ಕಕ್ಕೆ ಬರುತ್ತದೆ. ಕೇರಳದ ಆರೋಗ್ಯ ಕಾರ್ಡ್ ಅಲ್ಲಿ ನಡೆಯುತ್ತದಾ ಎಂದು ಆಯಾ ಆಸ್ಪತ್ರೆಯಲ್ಲೇ ಕೇಳಿ ಬರೆದುಕೊಳ್ಳಿ. ಆ್ಯಪ್ ಎರಡೂ ದಾರಿ ತೋರಿಸಬೇಕು. 2020ರ ಮಾರ್ಚಿನಲ್ಲಿ, ಕೊರೊನಾ ಹೊತ್ತಿಗೆ, ರಾಜ್ಯದ ಗಡಿ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಮಂಗಳೂರಿನ ಡಾಕ್ಟರನ್ನೇ ನಂಬಿದ್ದವರ ಪಾಡು ಏನಾಯಿತು ಎಂದು ಇಲ್ಲಿ ಯಾರಿಗೂ ನೆನಪಿಸಬೇಕಾಗಿಲ್ಲ.

ಪ್ರತಿ ನಂಬರಿನ ಮುಂದೆ ಇಷ್ಟು ಬರೆಯಿರಿ: ಯಾವ ಭಾಷೆ, ಯಾವ ಹೊತ್ತು, ಎಷ್ಟು ಖರ್ಚು, ಕೊನೆಯ ಸಲ ಪರೀಕ್ಷಿಸಿದ ತಾರೀಕು. ಆ ತಾರೀಕು ಆ್ಯಪಿನಲ್ಲೂ ಕಾಣಲಿ.

ಹಂತ 2: ಆ್ಯಪ್ ಏನು ಮಾಡುವುದಿಲ್ಲ ಎಂದು ಬರೆದಿಡಿ

ಕಾಯಿಲೆಗೆ ಹೆಸರಿಡುವುದಿಲ್ಲ. ಮದ್ದು ಹೇಳುವುದಿಲ್ಲ. ಡಾಕ್ಟರು ಕೊಟ್ಟ ಮಾತ್ರೆ ಬಿಡಿ ಅಥವಾ ಮುಂದುವರಿಸಿ ಎನ್ನುವುದಿಲ್ಲ. ಸಂಕಟದಲ್ಲಿರುವವರ ಜೊತೆ ಮನುಷ್ಯನ ಹಾಗೆ ಹರಟುವುದಿಲ್ಲ.

ಕೊನೆಯದ್ದಕ್ಕೆ ಈಗ ಎಲ್ಲರೂ ತಕರಾರು ಮಾಡುತ್ತಾರೆ. 'ಚಾಟ್‌ಬಾಟ್ ಹಾಕೋಣ, ಸುಲಭ' ಎಂದು. 1966ರಲ್ಲೇ ಜೋಸೆಫ್ ವೈಜೆನ್‌ಬಾಮ್ ಎಲಿಜಾ ಎನ್ನುವ ಪುಟ್ಟ ಪ್ರೋಗ್ರಾಮ್ ಬರೆದಾಗ, ಅದಕ್ಕೆ ಏನೂ ಅರ್ಥವಾಗುವುದಿಲ್ಲ ಎಂದು ಗೊತ್ತಿದ್ದವರೂ ಅದರ ಮುಂದೆ ಮನಸ್ಸು ಬಿಚ್ಚಿದ್ದರು. 2023ರಲ್ಲಿ ಅಮೆರಿಕದ ಒಂದು ಸಂಸ್ಥೆ, ಊಟದ ವಿಷಯದಲ್ಲಿ ಮನಸ್ಸಿನ ತೊಂದರೆ ಇರುವವರಿಗೆಂದೇ ಇಟ್ಟಿದ್ದ ಚಾಟ್‌ಬಾಟನ್ನು ಎತ್ತಿಹಾಕಬೇಕಾಯಿತು. ತೂಕ ಇಳಿಸುವ ಸಲಹೆ ಕೊಡುತ್ತಿತ್ತು ಅದು. ಇಂಗ್ಲಿಷಿನಲ್ಲೇ ಹೀಗಾದರೆ ತುಳು ಬೆರೆತ ಕನ್ನಡದಲ್ಲಿ 'ಇನ್ನು ಸಾಕಾಯ್ತು' ಎಂದವರಿಗೆ ಅದು ಏನು ಹೇಳೀತು? ಸಾಕಾದದ್ದು ಕೆಲಸವೋ ಜೀವವೋ ಎಂದು ತಿಳಿಯಲು ಮಾತಿನ ದನಿ ಕೇಳಬೇಕು. ನಾವಂತೂ ಹಾಕಲಿಲ್ಲ.

ಹಾಗಾದರೆ ಏನು ಮಾಡುತ್ತದೆ? ಮೂರೇ ಕೆಲಸ. ನನಗೆ ಆಗುತ್ತಿರುವುದು ಏನು ಎಂದು ಅಂದಾಜು ಮಾಡಲು ಸಹಾಯ. ಇವತ್ತು ರಾತ್ರಿ ಕಳೆಯಲು ಹತ್ತು ನಿಮಿಷದ ಏನಾದರೊಂದು: ನಿಧಾನ ಉಸಿರಾಟದ ಆಡಿಯೋ, ನಿದ್ದೆಗೆ ನಾಲ್ಕು ಮಾತು, ನಾಳೆ ಬೆಳಿಗ್ಗೆ ಮಾಡಬಹುದಾದ ಒಂದು ಸಣ್ಣ ಕೆಲಸ. ಕೊನೆಗೆ, ಮನುಷ್ಯರ ಹತ್ತಿರ ತಲುಪಿಸುವುದು. ಇದರಲ್ಲಿ ಬರುವ ಒಂದೊಂದು ಸಾಲನ್ನೂ ಮನೋವೈದ್ಯರೋ ಕ್ಲಿನಿಕಲ್ ಸೈಕಾಲಜಿಸ್ಟೋ ಓದಿ ಸಹಿ ಹಾಕಬೇಕು. ಬರೆದಾದ ಮೇಲೆ ಹುಡುಕುವುದಲ್ಲ, ಶುರುವಿಗೇ ಒಬ್ಬರನ್ನು ತಂಡಕ್ಕೆ ಸೇರಿಸಿ.

ಹಂತ 3: ಮಾತು ಸರಿ ಮಾಡಿ

ಇದಕ್ಕೆ ನಾವು ತೆಗೆದುಕೊಂಡ ಸಮಯ ಕೋಡಿಗಿಂತ ಜಾಸ್ತಿ.

ನಮ್ಮಲ್ಲಿ ಯಾರೂ 'ನನಗೆ ಆತಂಕದ ಸಮಸ್ಯೆ ಇದೆ' ಎನ್ನುವುದಿಲ್ಲ. ಮಂಡೆಬೆಚ್ಚ ಎನ್ನುತ್ತಾರೆ. 'ಎದೆ ಡವಡವ', 'ಯಾವುದರಲ್ಲೂ ಮನಸ್ಸಿಲ್ಲ', 'ಕೈಕಾಲು ಬಿದ್ದುಹೋದ ಹಾಗೆ', 'ಟೆನ್ಶನ್' ಎನ್ನುತ್ತಾರೆ. ಹವ್ಯಕರ ಮನೆಯಲ್ಲಾದರೆ 'ಮನಸ್ಸಿಂಗೆ ಸಮಾಧಾನ ಇಲ್ಲೆ'. ಎಷ್ಟೋ ಸಲ ಮನಸ್ಸಿನ ಹೆಸರೇ ಬರುವುದಿಲ್ಲ. ಗ್ಯಾಸ್, ತಲೆನೋವು, ಸೊಂಟನೋವು ಎಂದೇ ಡಾಕ್ಟರ ಹತ್ತಿರ ಹೋಗುತ್ತಾರೆ. ಕಣ್ಣು ತಾಗಿದೆ, ಗಾಳಿ ಸೋಂಕಿದೆ ಎನ್ನುವವರೂ ಇದ್ದಾರೆ. ಅವರನ್ನು ಮೂಢನಂಬಿಕೆ ಎಂದು ಗದರಿಸುವ ವಾಕ್ಯ ಆ್ಯಪಿನಲ್ಲಿ ಬೇಡ. ದೈವದ ಹತ್ತಿರ ಹೇಳಿಕೊಂಡು ಬಂದವರು ಡಾಕ್ಟರ ಹತ್ತಿರವೂ ಹೋಗಬಹುದು, ಒಂದು ಇನ್ನೊಂದಕ್ಕೆ ಅಡ್ಡಿ ಅಲ್ಲ ಎಂದಷ್ಟೇ ಬರೆಯಿರಿ. ನಾವು ಈ ಒಂದು ವಾಕ್ಯಕ್ಕೆ ಎರಡು ಸಂಜೆ ಜಗಳಾಡಿದ್ದೇವೆ. ಕೊನೆಗೆ ಇಟ್ಟೆವು, ಒಳ್ಳೆಯದೇ ಆಯಿತು.

ಇಪ್ಪತ್ತು ಜನರ ಹತ್ತಿರ ಕೂತು ಅವರ ಮಾತನ್ನು ಹಾಗೇ ಬರೆದುಕೊಳ್ಳಿ. ಹೆಸರು ಬರೆಯಬೇಡಿ. ಆ ಮಾತುಗಳೇ ನಿಮ್ಮ ಮೊದಲ ಪುಟ. ನಮ್ಮ ಎರಡನೇ ಆವೃತ್ತಿಯಲ್ಲಿ ಖಿನ್ನತೆ ಎನ್ನುವ ಶಬ್ದ ಮೊದಲ ಮೂರು ಪುಟಗಳಲ್ಲಿ ಇಲ್ಲ. 'ಮಂಡೆಬೆಚ್ಚ', 'ನಿದ್ದೆ ಇಲ್ಲ', 'ಮನೆಯಲ್ಲಿ ಒಬ್ಬರನ್ನು ನೋಡಿಕೊಂಡು ಸುಸ್ತು', 'ಮಾತಾಡಬೇಕು' ಎಂದು ನಾಲ್ಕು ದೊಡ್ಡ ಗುಂಡಿಗಳು, ಅಷ್ಟೆ.

ಭಾಷೆಯ ಆಯ್ಕೆ ಎಲ್ಲಕ್ಕಿಂತ ಮೊದಲ ಪುಟದಲ್ಲಿರಲಿ. ಲೊಕೇಶನ್ ನೋಡಿ ಭಾಷೆ ಆರಿಸುವ ಜಾಣ ಕೋಡ್ ಹಾಕಲೇಬೇಡಿ. ಕಾಸರಗೋಡಿನ ಕನ್ನಡಿಗನಿಗೆ ಅದು ಮಲಯಾಳ ತೋರಿಸುತ್ತದೆ. ಬೋರ್ಡಿನಲ್ಲಿ, ಅರ್ಜಿಯಲ್ಲಿ, ಆಫೀಸಿನಲ್ಲಿ ಅದೇ ನೋಡಿ ಸಾಕಾದವನಿಗೆ ಇಲ್ಲೂ ಅದೇನಾ? ಫೋನಿನ ಸೆಟ್ಟಿಂಗನ್ನು ನಂಬುವುದೂ ಬೇಡ. ಹೆಚ್ಚಿನವರ ಫೋನ್ ಇಂಗ್ಲಿಷಿನಲ್ಲೇ ಇರುತ್ತದೆ. ಪ್ರತಿ ಭಾಷೆಯ ಹೆಸರನ್ನು ಅದರದೇ ಲಿಪಿಯಲ್ಲಿ ಬರೆದು, ಪಕ್ಕದಲ್ಲಿ ಒಂದು ಸ್ಪೀಕರ್ ಗುರುತು ಇಡಿ.

ಸಪ್ತಭಾಷಾ ಸಂಗಮ ಎಂದು ಭಾಷಣದಲ್ಲಿ ಹೇಳುತ್ತೇವೆ. ಆ್ಯಪಿನಲ್ಲಿ ಏಳನ್ನೂ ಒಟ್ಟಿಗೆ ಹಾಕಲು ಹೋದರೆ ಒಂದೂ ಸರಿಯಾಗುವುದಿಲ್ಲ. ಬರಹಕ್ಕೆ ಕನ್ನಡ ಮತ್ತು ಮಲಯಾಳ, ಆಡಿಯೋಗೆ ತುಳುವನ್ನೂ ಸೇರಿಸಿ ಶುರು ಮಾಡಿ. ಬ್ಯಾರಿ, ಕೊಂಕಣಿ, ಮರಾಠಿ ಆಮೇಲೆ. ಮಲಯಾಳ ಯಾಕೆ ಎಂದರೆ, ಮನೆಯಲ್ಲಿ ಕನ್ನಡವೋ ತುಳುವೋ ಆಡುವ ಎಷ್ಟೋ ಮಕ್ಕಳು ಓದುವುದು ಈಗ ಮಲಯಾಳದಲ್ಲಿ. ಬೇಸರದ ವಿಷಯ, ಆದರೆ ಆ್ಯಪ್ ಮಾಡುವಾಗ ಬೇಸರಕ್ಕೆ ಜಾಗ ಇಲ್ಲ. ತುಳುವನ್ನು ಕನ್ನಡ ಲಿಪಿಯಲ್ಲೇ ಬರೆಯಿರಿ. ತುಳು-ತಿಗಳಾರಿ ಲಿಪಿ 2024ರ ಸೆಪ್ಟೆಂಬರಿನಲ್ಲಿ ಯೂನಿಕೋಡಿಗೆ ಸೇರಿದೆ, ಸಂತೋಷ. ಮಂಡೆಬೆಚ್ಚದಲ್ಲಿರುವವರಿಗೆ ಹೊಸ ಲಿಪಿ ಕಲಿಸುವ ಹೊತ್ತು ಮಾತ್ರ ಇದಲ್ಲ.

ಆಡಿಯೋ ರೆಕಾರ್ಡಿಂಗಿನಲ್ಲಿ ನಾವು ಮಾಡಿದ ಒಂದು ಎಡವಟ್ಟು. ಊರಿನ ಒಬ್ಬ ತಾಳಮದ್ದಳೆ ಅರ್ಥಧಾರಿಗಳು ತುಂಬ ಪ್ರೀತಿಯಿಂದ ದನಿ ಕೊಟ್ಟರು. ಏನು ಸ್ವರ, ಏನು ನಿಧಾನ! ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನ ಕಡೆಯವರಿಗೆ ದನಿಗೆ ಬರವಾ? ಆದರೆ ಕೇಳಿಸಿದ ಎಲ್ಲರೂ ಮೊದಲ ಸಾಲಿಗೇ 'ಅಯ್ಯೋ, ಇದು ಅವರಲ್ವಾ?' ಎಂದರು. ಒಬ್ಬಾಕೆ ಫೋನನ್ನು ಮಗುಚಿ ಇಟ್ಟುಬಿಟ್ಟರು, ಅವರೇ ಒಳಗೆ ಕೂತು ಕೇಳಿಸಿಕೊಳ್ಳುತ್ತಿರುವ ಹಾಗೆ. ನುಡಿ ನಮ್ಮ ಕಡೆಯದಿರಲಿ, ದನಿ ಮಾತ್ರ ಗುರುತು ಸಿಗದ್ದಾಗಿರಲಿ. ಆಮೇಲೆ ಪುತ್ತೂರಿನ ಕಡೆಯ ಒಬ್ಬರಿಂದ ಮತ್ತೆ ಮಾಡಿಸಿದೆವು.

ಹಂತ 4: ಪ್ರಶ್ನೆ ಕೇಳುವ ಕ್ರಮ

ಸ್ವಂತ ಪ್ರಶ್ನಾವಳಿ ಹುಟ್ಟಿಸಬೇಡಿ. ಪಿಎಚ್‌ಕ್ಯೂ-9 ಎನ್ನುವ, ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿ ಪ್ರಪಂಚವಿಡೀ ಬಳಕೆಯಲ್ಲಿದೆ. ಬಳಸಲು ದುಡ್ಡು ಕೊಡಬೇಕಿಲ್ಲ, ಅನುಮತಿಯೂ ಬೇಕಿಲ್ಲ, ಕನ್ನಡ ಅನುವಾದ ಇದೆ. ಕಳೆದ ಎರಡು ವಾರದಲ್ಲಿ ಹೇಗಿತ್ತು ಎಂದು ಕೇಳುತ್ತದೆ. ಪ್ರತಿ ಪ್ರಶ್ನೆಗೆ 0ರಿಂದ 3 ಅಂಕ, ಒಟ್ಟು 27. 5, 10, 15, 20 ಎಂಬ ಮೆಟ್ಟಿಲುಗಳಲ್ಲಿ ತೀವ್ರತೆ ಏರುತ್ತದೆ. 10 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಡಾಕ್ಟರನ್ನು ಕಾಣುವುದು ಒಳ್ಳೆಯದು. ಆತಂಕಕ್ಕೆ ಜಿಎಡಿ-7 ಎನ್ನುವ ಏಳು ಪ್ರಶ್ನೆಗಳ ಪಟ್ಟಿ ಇದೆ, ಅದರದ್ದು ಒಟ್ಟು 21.

ಮಾತು ಊರಿನದ್ದಿರಬೇಕು ಎಂದು ಮೇಲೆ ಹೇಳಿದೆ. ಇಲ್ಲಿ ಮಾತ್ರ ತಡೆಯಿರಿ. ಪರೀಕ್ಷಿಸಿ ಒಪ್ಪಿದ ಅನುವಾದದ ಶಬ್ದ ಬದಲಿಸಿದರೆ ಆ ಅಂಕಗಳಿಗೆ ಅರ್ಥ ಉಳಿಯುವುದಿಲ್ಲ. ಪ್ರಶ್ನೆ ಹಾಗೇ ಇರಲಿ, ಕೆಳಗೆ 'ಇದರ ಅರ್ಥ ಏನು?' ಎಂಬ ಗುಂಡಿ ಇಟ್ಟು ಆಡಿಯೋದಲ್ಲಿ ವಿವರಿಸಿ. ಆ ವಿವರಣೆಯನ್ನೂ ಡಾಕ್ಟರು ಕೇಳಿ ಒಪ್ಪಿರಬೇಕು.

ಈಗ ಒಂದು ಲೆಕ್ಕ ನೋಡಿ. ಒಬ್ಬ ಹುಡುಗ ನಿದ್ದೆಯ ಪ್ರಶ್ನೆಗೆ 1 ಒತ್ತುತ್ತಾನೆ. ಉಳಿದ ಏಳಕ್ಕೆ 0. ಒಂಬತ್ತನೇ ಪ್ರಶ್ನೆ ಬದುಕುವುದೇ ಬೇಡ ಅನ್ನಿಸುವ ಬಗ್ಗೆ. ಅದಕ್ಕೆ 3, ಅಂದರೆ ಹೆಚ್ಚುಕಡಿಮೆ ಪ್ರತಿದಿನ. ಒಟ್ಟು 4. ಮೆಟ್ಟಿಲಿನ ಪ್ರಕಾರ ಅತಿ ಕೆಳಗಿನದು, ಹೇಳಿಕೊಳ್ಳುವಂಥ ತೊಂದರೆ ಇಲ್ಲ. ನಮ್ಮ ಹಳೆಯ ಕೋಡ್ ಅವನಿಗೂ ಹಸಿರು ಟಿಕ್ ಕೊಡುತ್ತಿತ್ತು. ಇದನ್ನು ಹಿಡಿದದ್ದು ತಂಡದಲ್ಲಿದ್ದ ಒಬ್ಬ ನರ್ಸ್. ಹಾಗಾಗಿ ನಿಯಮ: ಒಂಬತ್ತನೆಯದಕ್ಕೆ 0 ಬಿಟ್ಟು ಬೇರೆ ಏನೇ ಬಂದರೂ ಒಟ್ಟು ಅಂಕಕ್ಕೆ ಕಾಯಬೇಡಿ. ಆ ಕ್ಷಣವೇ ತುರ್ತು ಪುಟ ತೆರೆಯಬೇಕು.

ಅಂಕ ತೋರಿಸಬೇಡಿ. ಪರೀಕ್ಷೆಯ ಮಾರ್ಕಿನ ಹಾಗೆ ಕಾಣುತ್ತದೆ. 'ಎರಡು ವಾರದಿಂದ ನಿಮಗೆ ತುಂಬ ಭಾರವಾಗಿದೆ ಅಂತ ಕಾಣುತ್ತದೆ. ಒಬ್ಬರ ಹತ್ತಿರ ಮಾತಾಡಿದರೆ ಒಳ್ಳೆಯದು' ಎಂಬ ಒಂದು ಸಾಲು, ಕೆಳಗೆ ಫೋನ್ ಗುಂಡಿ. ಯಾವ ಅಂಕಕ್ಕೂ 'ನೀವು ಆರೋಗ್ಯವಾಗಿದ್ದೀರಿ' ಎಂಬ ಉತ್ತರ ಬೇಡ.

ಹಂತ 5: ತುರ್ತು ಪುಟ

ಇಂಟರ್‌ನೆಟ್ ಇಲ್ಲದಿದ್ದರೂ ತೆರೆಯಬೇಕು. ಯಾವ ಪುಟದಿಂದಲಾದರೂ ಒಂದೇ ಒತ್ತಿಗೆ ಬರಬೇಕು. ಮೂರು ಗುಂಡಿಗಿಂತ ಜಾಸ್ತಿ ಬೇಡ: 14416, ನನ್ನವರು, 112. 'ನನ್ನವರು' ಎಂದರೆ ಬಳಸುವವರು ಮೊದಲೇ ಆರಿಸಿಟ್ಟ ಒಬ್ಬರು. ಆಂಡ್ರಾಯ್ಡಿನಲ್ಲಿ ಆ್ಯಕ್ಷನ್ ಡಯಲ್ ಬಳಸಿ. ಆಗ ನಂಬರ್ ತುಂಬಿಸಿದ ಡಯಲರ್ ತೆರೆಯುತ್ತದೆ, ಪರ್ಮಿಷನ್ ಕೇಳಬೇಕಿಲ್ಲ, ಒತ್ತುವ ಕೊನೆಯ ನಿರ್ಧಾರ ಅವರದೇ.

ಸಮಾಧಾನ ಇರುವ ಹೊತ್ತಿನಲ್ಲಿ ತುಂಬಿಸಿಡಲು ಒಂದು ಸುರಕ್ಷತಾ ಯೋಜನೆಯ ಪುಟವೂ ಇರಲಿ. ಇದು ವೈದ್ಯರು ಬಳಸುವ ಕ್ರಮವೇ. ಕೆಟ್ಟ ಹೊತ್ತು ಬರುವ ಮುಂಚೆ ನನಗೆ ಹೇಗಾಗುತ್ತದೆ? ಒಬ್ಬನೇ ಇದ್ದಾಗ ಏನು ಮಾಡಬಹುದು? ಯಾರ ಮನೆಗೆ, ಯಾವ ಅಂಗಡಿ ಜಗಲಿಗೆ ಹೋಗಿ ಕೂರಬಹುದು? ಯಾರಿಗೆ ಹೇಳಬಹುದು? ಯಾವ ಡಾಕ್ಟರು? ಮನೆಯಲ್ಲಿ ಅಪಾಯದ ವಸ್ತುಗಳಿದ್ದರೆ ಅವನ್ನು ಬೇರೆಯವರ ಕೈಗೆ ಹೇಗೆ ಒಪ್ಪಿಸಬಹುದು? ತೋಟದ ಮದ್ದಿಡುವ ಕೋಣೆಯ ಬೀಗದ ಕೈ ಮನೆಯ ಇನ್ನೊಬ್ಬರ ಹತ್ತಿರ ಇರುವುದು ಸಣ್ಣ ಕೆಲಸ, ಆದರೆ ಜೀವ ಉಳಿಸುವಂಥದ್ದು.

ಪೊಲೀಸ್ ಕೇಸಿನ ಹೆದರಿಕೆಯಿಂದ ಆಸ್ಪತ್ರೆಗೆ ಕರೆದೊಯ್ಯದ ಮನೆಗಳಿವೆ. ಅದಕ್ಕೆ ಎರಡು ಸಾಲು ಬರೆಯಿರಿ. 2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ 115ನೇ ಕಲಮಿನ ಪ್ರಕಾರ, ಜೀವ ಕಳೆದುಕೊಳ್ಳಲು ಹೋದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಕಾನೂನು ಮೊದಲು ತಿಳಿಯಬೇಕು. ಅವರಿಗೆ ಶಿಕ್ಷೆ ಕೊಡುವುದರ ಬದಲು ಆರೈಕೆ ಕೊಡುವುದು ಸರ್ಕಾರದ ಹೊಣೆ.

ಹಂತ 6: ಗುಟ್ಟು ಉಳಿಸಿ

ನಮ್ಮ ಮನೆಗಳಲ್ಲಿ ಫೋನ್ ಒಬ್ಬರದ್ದಲ್ಲ. ಅಮ್ಮನ ಫೋನಿನಲ್ಲಿ ಮಗನ ಗೇಮ್, ಅತ್ತೆಯ ಭಜನೆ, ನಾದಿನಿಯ ರೀಲ್ಸ್. ಮೊದಲ ಆವೃತ್ತಿಗೆ ನಾವು ಓಟಿಪಿ ಹಾಕಿದ್ದೆವು. ಒಬ್ಬಾಕೆ ನಂಬರ್ ಹಾಕಿದರು. ಆ ನಂಬರಿನ ಸಿಮ್ ಇದ್ದದ್ದು ಗಂಡನ ಫೋನಿನಲ್ಲಿ. 'ನಿಮ್ಮ ಮಾನಸಿಕ ಆರೋಗ್ಯ ಆ್ಯಪಿನ ಕೋಡ್' ಎಂಬ ಮೆಸೇಜು ಅವರು ಅಂಗಡಿಯಲ್ಲಿ ಕೂತಿದ್ದಾಗ ಹೋಯಿತು. ಸಂಜೆ ಮನೆಯಲ್ಲಿ ಏನಾಯಿತು ಎಂದು ನಾನು ಬರೆಯುವುದಿಲ್ಲ. ಮರುದಿನವೇ ಲಾಗಿನ್ ಕಿತ್ತುಹಾಕಿದೆವು.

ಹಾಗಾಗಿ ಹೆಸರು, ನಂಬರ್, ಇಮೇಲ್ ಏನೂ ಕೇಳಬೇಡಿ. ಆ್ಯಪಿನ ಹೆಸರಿನಲ್ಲಿ 'ಮಾನಸಿಕ', 'ಮೆಂಟಲ್' ಬೇಡ. ಐಕಾನಿನ ಚಿತ್ರ ಕೂಡ ತಲೆಯೋ ಮೆದುಳೋ ಆಗದೆ ಮಾಮೂಲಿ ಏನಾದರೂ ಇರಲಿ. ಚಿತ್ರವನ್ನೇ ಬದಲಿಸುವ ಸೌಲಭ್ಯ ಬೇಕಿದ್ದರೆ ಆಂಡ್ರಾಯ್ಡಿನ ಆ್ಯಕ್ಟಿವಿಟಿ ಅಲಿಯಾಸ್ ಸಾಕು. ಒಂದು ಪಿನ್. ಫ್ಲ್ಯಾಗ್ ಸೆಕ್ಯೂರ್ ಹಾಕಿದರೆ ಸ್ಕ್ರೀನ್‌ಶಾಟ್ ಬರುವುದಿಲ್ಲ, ಇತ್ತೀಚಿನ ಆ್ಯಪುಗಳ ಸಾಲಿನಲ್ಲೂ ಒಳಗಿನದು ಕಾಣುವುದಿಲ್ಲ. ನೋಟಿಫಿಕೇಶನ್ ತಾನಾಗಿ ಶುರುವಾಗಬಾರದು. ಬೇಕೆಂದು ಹಾಕಿಕೊಂಡವರಿಗೂ ಲಾಕ್ ಸ್ಕ್ರೀನಿನಲ್ಲಿ ವಿಷಯ ಕಾಣಬಾರದು. ಬರೆದದ್ದೆಲ್ಲ ಫೋನಿನಲ್ಲೇ, ಎನ್‌ಕ್ರಿಪ್ಟ್ ಆಗಿ ಉಳಿಯಲಿ. ಆಟೋ ಬ್ಯಾಕಪ್ ಆಫ್ ಮಾಡಿ, ಇಲ್ಲವಾದರೆ ಮಗನ ಗೂಗಲ್ ಅಕೌಂಟಿಗೆ ಅಮ್ಮನ ಮನಸ್ಸು ಹೋಗಿ ಕೂರುತ್ತದೆ. 'ಎಲ್ಲ ಅಳಿಸು' ಎನ್ನುವ ಗುಂಡಿ ಹುಡುಕಿದರೆ ಸಿಗುವಂತಿರಲಿ.

ಜಾಹೀರಾತಿನ ಕೋಡ್, ಬಳಕೆ ಎಣಿಸುವ ಬೇರೆ ಕಂಪನಿಗಳ ಕೋಡ್ ಒಂದೂ ಬೇಡ. ಅಮೆರಿಕದ ಒಂದು ದೊಡ್ಡ ಆನ್‌ಲೈನ್ ಕೌನ್ಸೆಲಿಂಗ್ ಕಂಪನಿ ಜನರ ಆರೋಗ್ಯದ ಮಾಹಿತಿಯನ್ನು ಜಾಹೀರಾತಿಗೆ ಹಂಚಿದ ಆರೋಪದ ಮೇಲೆ 2023ರಲ್ಲಿ 78 ಲಕ್ಷ ಡಾಲರ್ ಕಟ್ಟಲು ಒಪ್ಪಬೇಕಾಯಿತು.

ನಮ್ಮ ದೇಶದಲ್ಲೂ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ, 2023 ಬಂದಿದೆ, 2025ರ ನವೆಂಬರಿನಲ್ಲಿ ಅದರ ನಿಯಮಗಳೂ ಬಂದವು. ಒಪ್ಪಿಗೆ ಕೇಳುವ ನೋಟಿಸನ್ನು ಇಂಗ್ಲಿಷ್ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಅವಕಾಶ ಕೊಡಬೇಕು. ಕನ್ನಡ, ಮಲಯಾಳ, ಕೊಂಕಣಿ ಅದರಲ್ಲಿವೆ. ತುಳು ಇಲ್ಲ. ಕಾನೂನು ಕೇಳದಿದ್ದರೂ ತುಳುವಿನಲ್ಲೂ ಓದಿ ಕೇಳಿಸಿ. 18 ವರ್ಷದ ಒಳಗಿನವರ ಮಾಹಿತಿ ಬಳಸಲು ತಂದೆ ತಾಯಿಯ ಒಪ್ಪಿಗೆ ಬೇಕು. ಮನೆಯಲ್ಲಿ ಹೇಳಿಕೊಳ್ಳಲಾಗದೆ ಆ್ಯಪ್ ತೆರೆದ ಹತ್ತನೇ ಕ್ಲಾಸಿನ ಹುಡುಗಿಗೆ ಇದು ಕಷ್ಟದ ಗಂಟು. ಮಾಹಿತಿ ನಮ್ಮ ಕೈಗೆ ಬಾರದಂತೆ ಫೋನಿನಲ್ಲೇ ಉಳಿಸಿ ನಾವು ಅದನ್ನು ಸಡಿಲ ಮಾಡಿಕೊಂಡೆವು. ನೀವು ಒಬ್ಬ ವಕೀಲರನ್ನು ಕೇಳಿಯೇ ಮುಂದೆ ಹೋಗಿ.

ಹಂತ 7: ಕಣ್ಣು, ಕಿವಿ, ಕೈ

ಕನ್ನಡದ ಒತ್ತಕ್ಷರ ಇಂಗ್ಲಿಷಿಗೆ ಅಳತೆ ಮಾಡಿದ ಗುಂಡಿಯಲ್ಲಿ ಹಿಡಿಸುವುದಿಲ್ಲ. ನಮ್ಮ ಉಸಿರಾಟದ ಪುಟದಲ್ಲಿ 'ಅತ್ತರೆ ತಪ್ಪಿಲ್ಲ' ಎಂಬ ಸಾಲಿತ್ತು. ಹಳೆಯ ಫೋನಿನಲ್ಲಿ ಒತ್ತುಗಳೆಲ್ಲ ಕತ್ತರಿಸಿಹೋಗಿ 'ಅತರೆ ತಪಿಲ' ಆಯಿತು. ಅಳಬೇಕಾದವರು ನಕ್ಕರು, ಅದೊಂದು ಲಾಭ. ಸಾಲಿನ ಎತ್ತರ ಅಕ್ಷರದ ಒಂದೂವರೆ ಪಟ್ಟಿಗಿಂತ ಕಡಿಮೆ ಬೇಡ. ಗುಂಡಿಗೆ ಎತ್ತರ ಕಟ್ಟುಹಾಕಬೇಡಿ, ಬರಹಕ್ಕೆ ತಕ್ಕ ಹಾಗೆ ಬೆಳೆಯಲಿ. ಫೋನಿನ ಅಕ್ಷರವನ್ನು ಎರಡು ಪಟ್ಟು ದೊಡ್ಡದು ಮಾಡಿ ಪ್ರತಿ ಪುಟ ನೋಡಿ. 'ರಾಷ್ಟ್ರ', 'ಸ್ತ್ರೀ' ಎಂದು ಬರೆದು ಪರೀಕ್ಷಿಸಿದರೆ ತಪ್ಪು ಬೇಗ ಸಿಗುತ್ತದೆ. ಬರಹದ ಬಣ್ಣಕ್ಕೂ ಹಿನ್ನೆಲೆಯ ಬಣ್ಣಕ್ಕೂ ಕನಿಷ್ಠ 4.5ಕ್ಕೆ 1ರ ಕಾಂಟ್ರಾಸ್ಟ್ ಇರಬೇಕು. ತಿಳಿ ಬೂದು ಅಕ್ಷರ ಡಿಸೈನರಿಗೆ ಚಂದ, ಅಂಗಳದ ಬಿಸಿಲಿನಲ್ಲಿ ನಿಂತವರಿಗೆ ಅಲ್ಲ. ಒತ್ತುವ ಜಾಗ 48 ಡಿಪಿಗಿಂತ ಸಣ್ಣದು ಬೇಡ.

ಟಾಕ್‌ಬ್ಯಾಕ್ (ತೆರೆಯ ಮೇಲಿರುವುದನ್ನು ಓದಿ ಹೇಳುವ ಆಂಡ್ರಾಯ್ಡ್ ಸೌಲಭ್ಯ) ಹಾಕಿ, ಕಣ್ಣು ಮುಚ್ಚಿ ನಿಮ್ಮ ಆ್ಯಪ್ ಬಳಸಿ. ನಮ್ಮದನ್ನು ಕಣ್ಣು ಕಾಣದ ಒಬ್ಬ ಗೆಳೆಯ ತೆರೆದಾಗ ಕೇಳಿಸಿದ್ದು 'ಬಟನ್, ಬಟನ್, ಬಟನ್' ಮಾತ್ರ. ಚಿತ್ರದ ಗುಂಡಿಗಳಿಗೆ ಕನ್ನಡದಲ್ಲಿ ಹೆಸರು ಕೊಟ್ಟಿರಲಿಲ್ಲ. ಕಿವಿ ಕೇಳದವರಿಗೆ ಪ್ರತಿ ಆಡಿಯೋದ ಬರಹ ಇರಬೇಕು. ಫೋನ್ ಕರೆ ಮಾಡಲಾಗದವರು ಏನು ಮಾಡಬೇಕು ಎನ್ನುವುದೂ ಬರೆದಿರಬೇಕು, ಕನಿಷ್ಠ 'ನನ್ನವರಿಗೆ' ಹೋಗುವ ಸಿದ್ಧ ಮೆಸೇಜು.

ಎಣ್ಮಕಜೆ, ಬೆಳ್ಳೂರು ಕಡೆಯವರಿಗೆ ಇನ್ನೊಂದು ಪುಟ ಬೇಕು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ್ದು 2000ದವರೆಗೆ ನಡೆಯಿತು. 2011ರಲ್ಲಿ ಸುಪ್ರೀಂ ಕೋರ್ಟ್ ಆ ವಿಷವನ್ನೇ ನಿಲ್ಲಿಸಿತು. ಅದರ ಪೆಟ್ಟು ತಿಂದ ಮನೆಗಳು ಈಗಲೂ ಇವೆ. ಮನೆಯಲ್ಲಿ ಮಲಗಿದಲ್ಲೇ ಇರುವ ಮಗ, ಈಗ ದೊಡ್ಡವನು, ಅವನನ್ನು ಎತ್ತಿ ಕೂರಿಸುವ ಅಮ್ಮ, ಅವರಿಗೂ ವಯಸ್ಸಾಗಿದೆ. ಅಂಥ ಮನೆಯಲ್ಲಿ ಆ್ಯಪ್ ತೋರಿಸಿದಾಗ ಅಮ್ಮನ ಒಂದು ಕೈ ಮಗನ ಬೆನ್ನಿನ ಮೇಲೇ ಇತ್ತು. ನಾಲ್ಕು ನಿಮಿಷದಲ್ಲಿ ಮೂರು ಸಲ ಫೋನ್ ಕೆಳಗಿಟ್ಟರು. ಪ್ರತಿ ಸಲ ಆ್ಯಪ್ ಮತ್ತೆ ಮೊದಲ ಪುಟಕ್ಕೆ ಹೋಗುತ್ತಿತ್ತು. ಒಂದೇ ಹೆಬ್ಬೆರಳಿಗೆ ಎಲ್ಲ ಸಿಗಬೇಕು, ಬಿಟ್ಟಲ್ಲಿಂದಲೇ ಮುಂದುವರಿಯಬೇಕು ಎನ್ನುವುದನ್ನು ಯಾವ ಮಾರ್ಗಸೂಚಿಯೂ ನಮಗೆ ಅಷ್ಟು ಚೆನ್ನಾಗಿ ಕಲಿಸಲಿಲ್ಲ. 'ನೋಡಿಕೊಂಡು ಸುಸ್ತು' ಎನ್ನುವ ಗುಂಡಿ ಬಂದದ್ದೂ ಆ ಮನೆಯಿಂದ. 'ನಿಮಗಾಗಿ ದಿನಕ್ಕೆ ಒಂದು ಗಂಟೆ ಇಟ್ಟುಕೊಳ್ಳಿ' ಎಂಬ ಪೇಟೆಯ ಸಲಹೆ ಅಲ್ಲಿ ಬರೆಯಬೇಡಿ. ಬೈಗುಳದ ಹಾಗೆ ಕೇಳುತ್ತದೆ.

ಹಂತ 8: ಮಳೆಗಾಲದ ಫೋನಿಗೆ ತಕ್ಕ ಹಾಗೆ

ಜೂನ್ ಬಂತೆಂದರೆ ಕರೆಂಟು ಹೋಗುತ್ತದೆ, ಹಿಂದೆಯೇ ಟವರೂ ಹೋಗುತ್ತದೆ. ಇಡೀ ಆ್ಯಪ್ ನೆಟ್ ಇಲ್ಲದೆ ನಡೆಯಬೇಕು. ನಂಬರುಗಳ ಪಟ್ಟಿ ಮಾತ್ರ ನೆಟ್ ಸಿಕ್ಕಾಗ ಹಿಂದಿನಿಂದ ಹೊಸದಾಗಲಿ. ಆಡಿಯೋವನ್ನು ಓಪಸ್‌ನಲ್ಲಿ 24 ಕೆಬಿಪಿಎಸ್‌ಗೆ ಇಳಿಸಿ. ಮಾತಿಗೆ ಧಾರಾಳ ಸಾಕು, ನಿಮಿಷಕ್ಕೆ ಸುಮಾರು 180 ಕೆಬಿ. ನಮ್ಮದು ಎಲ್ಲ ಸೇರಿ 15 ಎಂಬಿ ಒಳಗೆ ಇದೆ. 2 ಜಿಬಿ ರ‍್ಯಾಮಿನ, ಗ್ಲಾಸ್ ಒಡೆದ ಹಳೆಯ ಫೋನ್ ಒಂದನ್ನು ಪರೀಕ್ಷೆಗೆಂದೇ ಇಟ್ಟುಕೊಳ್ಳಿ.

ಹಂತ 9: ತೋರಿಸಿ, ಸುಮ್ನೆ ಕೂತು ನೋಡಿ

ಐದಾರು ಜನ ಸಾಕು, ಆದರೆ ಬೇರೆಬೇರೆ ಮನೆಯವರು. ಕುಟುಂಬಶ್ರೀ ಮಹಿಳಾ ಸಂಘದ ಕೂಟದಿಂದ ಒಬ್ಬರು, ಗಲ್ಫಿನಿಂದ ವಾಪಸ್ ಬಂದ ಒಬ್ಬರು, ಕಾಲೇಜು ಹುಡುಗ, ಅಜ್ಜಿ. 'ಹೇಗಿದೆ?' ಎಂದು ಕೇಳಬೇಡಿ. ನಮ್ಮವರು ಮುಖ ನೋಡಿ 'ಚಂದ ಉಂಟು' ಎಂದೇ ಹೇಳುತ್ತಾರೆ. 'ರಾತ್ರಿ ನಿದ್ದೆ ಬರುತ್ತಿಲ್ಲ ಅಂದುಕೊಳ್ಳಿ, ಇದರಲ್ಲಿ ಏನು ಮಾಡುತ್ತೀರಿ?' ಎಂದು ಫೋನ್ ಕೊಟ್ಟು ಬಾಯಿ ಮುಚ್ಚಿ ಕೂರಿ. ಬೆರಳು ಎಲ್ಲಿ ತಡವರಿಸುತ್ತದೆ ಎಂದು ನೋಡಿ. ಈಗ ತೀವ್ರ ಕಷ್ಟದಲ್ಲಿರುವವರನ್ನು ಪರೀಕ್ಷೆಗೆ ಕರೆಯಬೇಡಿ. ಪಕ್ಕದ ಕೋಣೆಯಲ್ಲಿ ನಿಮ್ಮ ಸೈಕಾಲಜಿಸ್ಟ್ ಇರಲಿ. ಯಾರಾದರೂ ನಡುವೆ ಅಳಲು ಶುರು ಮಾಡಬಹುದು, ನಮ್ಮಲ್ಲಿ ಆಗಿದೆ. ಆಗ ಆ್ಯಪ್ ಬದಿಗಿಟ್ಟು ನೀರು ಕೊಡಿ.

ದಿನಾ ಎಷ್ಟು ಜನ ತೆರೆದರು, ಎಷ್ಟು ಹೊತ್ತು ಇದ್ದರು ಎಂಬ ಲೆಕ್ಕಕ್ಕೆ ಬೆಲೆ ಇಲ್ಲ. ಸತತ ಏಳು ದಿನ ತೆರೆದವರಿಗೆ ಪದಕ ಕೊಡುವ ಆಟವೂ ಬೇಡ. ತೆರೆಯದ ದಿನ ಅವರು ಹುಷಾರಾಗಿದ್ದಿರಬಹುದು, ಅಲ್ವಾ? ಕ್ಲಿನಿಕ್ಕಿನವರು ಒಪ್ಪಿದರೆ 'ಆ್ಯಪ್ ನೋಡಿ ಬಂದೆ' ಎಂದವರಿಗೆ ಒಂದು ಪೆನ್ಸಿಲ್ ಗೆರೆ ಎಳೆಯಲು ಹೇಳಿ. ತಿಂಗಳಿಗೆ ಎರಡು ಗೆರೆ ಬಂದರೂ ಕೆಲಸ ನಡೆಯುತ್ತಿದೆ ಎಂದರ್ಥ.

ಹಂತ 10: ಬಿಡುಗಡೆಯಾದ ಮೇಲೆ

ಪ್ಲೇ ಸ್ಟೋರಿನಲ್ಲಿ ಆರೋಗ್ಯದ ಆ್ಯಪ್ ಎಂದು ಘೋಷಣೆ ತುಂಬಬೇಕು, ದತ್ತಾಂಶ ಸುರಕ್ಷತೆಯ ಫಾರ್ಮ್ ತುಂಬಬೇಕು. ಒಂದು ಸಂಜೆಯ ಕೆಲಸ. ಪ್ರಚಾರಕ್ಕೆ ದುಡ್ಡು ಹಾಕುವ ಬದಲು ಆಶಾ ಕಾರ್ಯಕರ್ತೆಯರಿಗೂ ಶಾಲೆಯ ಕೌನ್ಸೆಲರುಗಳಿಗೂ ತೋರಿಸಿ. ಫೋನಿಂದ ಫೋನಿಗೆ ಅವರೇ ಹಾಕಿಕೊಡುತ್ತಾರೆ.

ಪ್ರತಿ ತಿಂಗಳ ಮೊದಲ ಸೋಮವಾರ ನಮ್ಮಲ್ಲಿ ಇಬ್ಬರು ನೋಟ್‌ಪುಸ್ತಕ ಹಿಡಿದು ಕೂರುತ್ತಾರೆ. ಎರಡು ಸಿಮ್, ಎಲ್ಲ ನಂಬರ್, ಒಂದು ಗಂಟೆ. ಎರಡು ತಿಂಗಳು ಯಾರೂ ಎತ್ತದ ನಂಬರನ್ನು ತೆಗೆದುಹಾಕುತ್ತೇವೆ. ಈ ಸೋಮವಾರದ ಕೆಲಸ ನಡೆಸಲು ನಿಮಗೆ ಜನ ಇಲ್ಲವಾದರೆ ಆ್ಯಪ್ ಮಾಡಬೇಡಿ. ಮಾಡಿದ ಮೇಲೆ ಜನ ಇಲ್ಲದಾದರೆ ಸ್ಟೋರಿನಿಂದ ತೆಗೆಯಿರಿ. ತೆಗೆಯುವ ಮೊದಲು ಕೊನೆಯ ಅಪ್‌ಡೇಟ್ ಒಂದನ್ನು ಕಳಿಸಿ. ಅದರಲ್ಲಿ 14416, 112 ಇರುವ ಒಂದೇ ಪುಟ ಉಳಿದಿರಲಿ, ಕೆಳಗೆ ನೀವು ಕೊನೆಯ ಸಲ ಕರೆ ಮಾಡಿ ನೋಡಿದ ತಾರೀಕು.